30ನೇ ಪರ್ಸೆಂಟೈಲ್ ಅಂದ್ರೆ ಫೇಲಾ, ಡಾಕ್ಟ್ರೇ?

ಹೋದ ವರ್ಷ ಒಬ್ಬ ಅಮ್ಮ 13 ತಿಂಗಳ ಮಗನನ್ನು ಎತ್ತಿಕೊಂಡು ಕ್ಲಿನಿಕ್‌ಗೆ ಬಂದರು. ಕೂತ ಕೂಡಲೇ ತೋರಿಸಿದ್ದು ಮಗುವನ್ನಲ್ಲ, ಮೊಬೈಲನ್ನು. ಅದರಲ್ಲಿ ಎದುರು ಫ್ಲ್ಯಾಟಿನ ಹೆಣ್ಣು ಮಗು ಪುಟುಪುಟು ನಡೆಯುತ್ತಿತ್ತು. ಹತ್ತೇ ತಿಂಗಳಂತೆ. "ನಮ್ಮವನು ಇನ್ನೂ ಸೋಫಾ ಬಿಡಲ್ಲ ಮೇಡಂ" ಅಂದರು. ನಮ್ಮವನು ಅಷ್ಟರಲ್ಲಿ ನನ್ನ ಸ್ಟೆತೊಸ್ಕೋಪಿನ ಒಂದು ತುದಿ ಬಾಯಿಗಿಟ್ಟುಕೊಂಡು ಆರಾಮಾಗಿದ್ದ.

ಪರೀಕ್ಷೆ ಮಾಡಿದೆ. ಕಾಲಲ್ಲಿ ಬಲ ಇದೆ. ಕುರ್ಚಿ ಹಿಡಿದು ಸುತ್ತು ಹಾಕುತ್ತಾನೆ. ಏನೂ ತೊಂದರೆ ಇಲ್ಲ ಅಂದೆ. ಆ ಅಮ್ಮನಿಗೆ ಸಮಾಧಾನವಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನೇ ಏನೋ ಸರಿಯಾಗಿ ಮಾಡ್ತಿಲ್ಲ ಅಲ್ವಾ?" ಅಂತ ಕೇಳಿದರು.

ಅವರು ಬಂದಿದ್ದೇ ಈ ಪ್ರಶ್ನೆ ಇಟ್ಟುಕೊಂಡು. ಮಗುವಿನ ಕಾಲು ಬರೀ ನೆಪ.

ಮೊದಲು ಕಾಲಿನ ವಿಷಯ ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳ ಮಕ್ಕಳನ್ನು ಗಮನಿಸಿ ಒಂದು ದೊಡ್ಡ ಅಧ್ಯಯನ ಮಾಡಿತು. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಚೆನ್ನಾಗಿ ಉಂಡು, ಆರೋಗ್ಯವಾಗಿ ಬೆಳೆಯುತ್ತಿದ್ದ ಮಕ್ಕಳು. ನಡಿಗೆಯ ಲೆಕ್ಕ ಇಟ್ಟದ್ದು ಇವುಗಳಲ್ಲಿ ಐದು ದೇಶಗಳಲ್ಲಿ. ಅಲ್ಲಿ ಯಾರ ಆಸರೆಯೂ ಇಲ್ಲದೆ ನಡೆಯಲು ಶುರು ಮಾಡಿದ ವಯಸ್ಸು ಸುಮಾರು 8 ತಿಂಗಳಿಂದ 17 ತಿಂಗಳು ದಾಟುವವರೆಗೂ ಹರಡಿಕೊಂಡಿತ್ತು. ಕೆಲವು ಮಕ್ಕಳಂತೂ ಅಂಬೆಗಾಲು ಇಡದೆಯೇ ಸೀದಾ ಎದ್ದು ನಡೆದವು. 10 ತಿಂಗಳಿಗೆ ನಡೆದದ್ದೂ ಸರಿ, 16ಕ್ಕೆ ನಡೆದದ್ದೂ ಸರಿ. ಬೇಗ ನಡೆದ ಮಗುವಿನ ಅಮ್ಮನಿಗೆ ಪ್ರೈಜ್ ಏನೂ ಇಲ್ಲ. ಅವರು ಬೇಗ ಓಡಬೇಕಾಗುತ್ತದೆ, ಅಷ್ಟೆ.

ತೂಕದ ಚಾರ್ಟ್ ಇನ್ನೊಂದು ತಲೆನೋವು. ಮೊನ್ನೆ ಒಬ್ಬ ಅಪ್ಪ ಕೇಳಿದರು, "30ನೇ ಪರ್ಸೆಂಟೈಲ್ ಅಂದ್ರೆ ಫೇಲಾ, ಡಾಕ್ಟ್ರೇ?" 35ಕ್ಕೆ ಪಾಸು ಅಂತ ಓದಿ ಬಂದವರು ನಾವು, ಪಾಪ ಅವರದ್ದೇನು ತಪ್ಪು. ಒಂದೇ ವಯಸ್ಸಿನ ನೂರು ಮಕ್ಕಳನ್ನು ಕಡಿಮೆ ತೂಕದವರಿಂದ ಶುರು ಮಾಡಿ ಸಾಲಾಗಿ ನಿಲ್ಲಿಸಿದರೆ ಯಾರಾದರೂ 30ನೇ ಜಾಗದಲ್ಲಿ ನಿಲ್ಲಲೇಬೇಕಲ್ವಾ? ನಾವು ಡಾಕ್ಟರುಗಳು ಮುಖ್ಯವಾಗಿ ನೋಡುವುದು ಮಗು ಚಾರ್ಟಿನಲ್ಲಿ ತನ್ನ ಗೆರೆಯ ಜೊತೆಗೇ ಹೋಗುತ್ತಿದೆಯಾ ಅಂತ. ಮೊದಲಿನಿಂದ 30ರಲ್ಲೇ ಇರುವ ಮಗುವಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. 80ರಲ್ಲಿದ್ದದ್ದು ಕೆಲವೇ ತಿಂಗಳಲ್ಲಿ 30ಕ್ಕೆ ಇಳಿದರೆ ಯಾಕೆ ಅಂತ ಹುಡುಕುತ್ತೇವೆ. ನಿಮ್ಮ ತಾಯಿ ಕಾರ್ಡ್‌ನಲ್ಲೂ ಇಂಥದ್ದೇ ಚಾರ್ಟ್ ಇದೆ. ಪ್ರತಿ ಸಲ ತೂಕ ನೋಡಿದಾಗ ಚುಕ್ಕೆ ಹಾಕಿಸಿ. ಒಂದು ಚುಕ್ಕೆಯಿಂದ ಏನೂ ಗೊತ್ತಾಗುವುದಿಲ್ಲ. ನಾಲ್ಕೈದು ಸೇರಿದರೆ ಗೊತ್ತಾಗುತ್ತದೆ.

ಮಗುವಿಗೇನೋ ಚಾರ್ಟ್ ಇದೆ. ಅಮ್ಮ ಅಪ್ಪನಿಗೆ? ಕಷ್ಟ ಇರುವುದೇ ಅಲ್ಲಿ. ಲಿಯಾನ್ ಫೆಸ್ಟಿಂಗರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ 1954ರಲ್ಲೇ ಇದನ್ನು ಬರೆದಿದ್ದರು. ಅಳೆಯಲು ಸರಿಯಾದ ಅಳತೆಗೋಲು ಇಲ್ಲದಿದ್ದಾಗ ನಾವು ಪಕ್ಕದವರನ್ನು ನೋಡಿ ನಮ್ಮನ್ನು ಅಳೆದುಕೊಳ್ಳುತ್ತೇವೆ. ಅದೂ ಹೆಚ್ಚುಕಡಿಮೆ ನಮ್ಮಂತೆಯೇ ಇರುವವರನ್ನು. ಯಾವುದೋ ಸಿನಿಮಾ ನಟಿ ಮಗು ಸಾಕುವುದನ್ನು ನೋಡಿ ನಮಗೆ ಅಷ್ಟೇನೂ ಅನ್ನಿಸುವುದಿಲ್ಲ. ಎದುರು ಫ್ಲ್ಯಾಟಿನವರು ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿ ಮಾಡಿ ಮಗುವಿಗೆ ರಾಗಿಸರಿ ಮಾಡುತ್ತಾರೆ ಅಂತ ಗೊತ್ತಾದರೆ, ನಮ್ಮ ಅಡುಗೆಮನೆಯ ಅಂಗಡಿ ಪ್ಯಾಕೆಟ್ ನಮ್ಮನ್ನೇ ಗುರಾಯಿಸುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ. ಈಗ ಹೆಗ್ಗಣಕ್ಕೆ ಪಕ್ಕದ ಬಿಲದ ಹೆಗ್ಗಣ ಏನು ತಿನ್ನಿಸುತ್ತದೆ ಅನ್ನುವ ಚಿಂತೆ.

ಆ ಅಮ್ಮನನ್ನು ಕೇಳಿದೆ, "ಎದುರು ಮನೆಯಲ್ಲಿ ಯಾರ್ಯಾರಿದ್ದಾರೆ?" ಅಜ್ಜಿ ಇದ್ದಾರೆ. ಅಡುಗೆಯವರು ಬೆಳಿಗ್ಗೆ ಬಂದು ಹೋಗುತ್ತಾರೆ. ಆ ಮಗುವಿನ ಅಮ್ಮ ಇನ್ನೂ ರಜೆಯಲ್ಲಿದ್ದಾರೆ. "ನಿಮ್ಮಲ್ಲಿ?" ಇಬ್ಬರೇ. ಗಂಡನಿಗೆ ವಾರದಲ್ಲಿ ಮೂರು ದಿನ ನೈಟ್ ಶಿಫ್ಟ್. ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂದೆ ಎರಡು ಮನೆಯ ಕೈಗಳನ್ನು ಲೆಕ್ಕ ಹಾಕಿದೆವು. ಅಲ್ಲಿ ಅಪ್ಪನದ್ದೂ ಸೇರಿ ಎಂಟು ಕೈ, ಇಲ್ಲಿ ನಾಲ್ಕು. ಅದರಲ್ಲೂ ಎರಡು ಕೈ ಹಗಲು ಹೊತ್ತು ಮಲಗಿರುತ್ತವೆ. ಅವರು ನಕ್ಕರು. ಹೋಲಿಸಲೇಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ನಿಲ್ಲುವಂಥದ್ದಲ್ಲ ಅದು. ಹೋಲಿಸುವುದಾದರೆ ಪೂರ್ತಿ ಲೆಕ್ಕ ಇಟ್ಟು ಹೋಲಿಸಿ ಅನ್ನುತ್ತೇನೆ.

ನಾನೇನು ಇದರಿಂದ ಹೊರಗಿಲ್ಲ. ಮಗಳಿಗೆ ಮೂರು ವರ್ಷ ಇದ್ದಾಗ ಕ್ಲಿನಿಕ್‌ನಲ್ಲಿ "ಬಲವಂತವಾಗಿ ತಿನ್ನಿಸಬೇಡಿ" ಅಂತ ಪಾಠ ಹೇಳಿ, ಮನೆಗೆ ಬಂದು ಮೊಸರನ್ನದ ಬಟ್ಟಲು ಹಿಡಿದು ಅವಳ ಹಿಂದೆ ಓಡುತ್ತಿದ್ದೆ. ನನ್ನ ಓರಗಿತ್ತಿಯ ಮಗ ಮಾತ್ರ ತಟ್ಟೆ ಖಾಲಿ ಮಾಡಿ ಏಳುತ್ತಿದ್ದ. ಹಬ್ಬಕ್ಕೆ ಎಲ್ಲರೂ ಸೇರಿದಾಗ ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು. ಒಮ್ಮೆ ನಾಲ್ಕು ದಿನ ಅವರ ಮನೆಯಲ್ಲೇ ಇದ್ದೆ. ಆಗ ಕಂಡದ್ದು ಇಷ್ಟೇ. ಅವಳು ಹನ್ನೆರಡೂವರೆಗೆ ಊಟಕ್ಕೆ ಕೂರಿಸುತ್ತಾಳೆ, ಅದಕ್ಕೆ ಮೊದಲು ಬಿಸ್ಕತ್ತು ಕೊಡುವುದಿಲ್ಲ. ನನ್ನ ಮಗಳಿಗೆ ಹನ್ನೊಂದು ಗಂಟೆಗೆ ಮಾವ ಎರಡು, ಕೆಲಸದವರು ಎರಡು, ಅತ್ತೂಕರೆದೂ ಇನ್ನೊಂದು. ಹಸಿವು ಎಲ್ಲಿಂದ ಬರಬೇಕು? "ಅವಳು ಒಳ್ಳೇ ಅಮ್ಮ, ನಾನಲ್ಲ" ಅಂತ ಎರಡು ವರ್ಷ ಕೊರಗಿದ್ದೆ. "ನೀನು ಹೇಗೆ ಮಾಡ್ತೀಯಾ?" ಅಂತ ಒಂದು ಸಲವೂ ಕೇಳಿರಲಿಲ್ಲ.

ಬಂಧುಗಳ ಬಾಯಿ ಬೇರೆ ವಿಷಯ. ಮದುವೆ ಮನೆಯಲ್ಲಿ "ಏನಮ್ಮಾ, ಮಗು ಇಷ್ಟು ಸೊರಗಿದೆ?" ಅಂದವರಿಗೆ "ಡಾಕ್ಟ್ರು ನೋಡಿದಾರೆ, ಸರಿಯಾಗಿದೆ ಅಂದ್ರು" ಅಂತ ಹೇಳಿ ಎಲೆ ಮುಂದೆ ಕೂತುಬಿಡಿ. ಧಾರಾಳವಾಗಿ ನನ್ನ ಹೆಸರು ಹೇಳಿ.

ಹಾಗಂತ ಪಕ್ಕದ ಮಗುವನ್ನು ನೋಡಿ ಹುಟ್ಟಿದ ಅನುಮಾನವನ್ನೆಲ್ಲ ತಳ್ಳಿಹಾಕಬೇಡಿ. 18 ತಿಂಗಳಾದರೂ ನಡೆಯದಿದ್ದರೆ, ಕರೆದರೆ ತಿರುಗದಿದ್ದರೆ, ಆಡುತ್ತಿದ್ದ ಮಾತು ನಿಂತುಹೋದರೆ ಕಾಯಬೇಡಿ, ಬನ್ನಿ. ಅಮ್ಮನಿಗೇ ಎರಡು ವಾರದಿಂದ ನಿದ್ದೆ ಇಲ್ಲ, ಸುಮ್ಸುಮ್ನೆ ಅಳು ಬರುತ್ತೆ, ಮಗುವನ್ನು ಎತ್ತಿಕೊಳ್ಳಲೂ ಬೇಡ ಅನ್ನಿಸುತ್ತೆ ಅಂದರೆ ಅದು ಹೋಲಿಕೆಯ ಚಟ ಅಲ್ಲ. ಹೆರಿಗೆಯ ನಂತರದ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಡಾಕ್ಟರ ಹತ್ತಿರ ಹೋಗಲು ಹಿಂಜರಿಕೆ ಇದ್ದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗ 16 ತಿಂಗಳ ಇಂಜೆಕ್ಷನ್‌ಗೆ ಬಂದಾಗ ನಡೆಯುತ್ತಿದ್ದ. ಸೀದಾ ಹೋಗಿ ನನ್ನ ಡಸ್ಟ್‌ಬಿನ್ ಮುಚ್ಚಳ ತೆಗೆದ. ಅಮ್ಮ ಅವನನ್ನು ಎಳೆದುಕೊಳ್ಳುತ್ತಾ, "ಎದುರು ಮನೆಯವಳು ಆಗಲೇ ಇಂಗ್ಲಿಷ್ ರೈಮ್ ಹೇಳ್ತಾಳೆ ಮೇಡಂ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದು, "ಗೊತ್ತು ಗೊತ್ತು, ಅಲ್ಲಿ ಅಜ್ಜಿ ಇದಾರೆ" ಅಂದರು.