ಕಪ್ಪೆಯ ಬೆನ್ನಿನ ಗುಳ್ಳೆ ಮತ್ತು ಒಂದು ಹನಿ ನೀರು

ಜಪಾನಿನ ಕಿಮೋನೊಗೆ ಜೇಬಿಲ್ಲ. ಎದೊ ಕಾಲದ (1603–1868) ಗಂಡಸರು ತಂಬಾಕಿನ ಸಂಚಿಯನ್ನೋ ಔಷಧಿಯ ಡಬ್ಬಿಯನ್ನೋ ದಾರಕ್ಕೆ ಕಟ್ಟಿ ಸೊಂಟಪಟ್ಟಿಯಿಂದ ಇಳಿಬಿಡುತ್ತಿದ್ದರು. ದಾರ ಜಾರದಂತೆ ಅದರ ಮೇಲ್ತುದಿಯಲ್ಲಿ ತಡೆಯಾಗಿ ನಿಲ್ಲುತ್ತಿದ್ದ ಪುಟ್ಟ ಕೆತ್ತನೆಯೇ ನೆತ್ಸುಕೆ. ಇಲಿ, ಮೊಲ, ಕಪ್ಪೆ, ಹುಲಿ, ಎಲ್ಲವೂ ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಸದಾ ಬಟ್ಟೆಗೆ ಉಜ್ಜುವ ವಸ್ತುವಾದ್ದರಿಂದ ಬಾಲವಾಗಲಿ ಕಾಲಾಗಲಿ ಹೊರಗೆ ಚಾಚುವಂತಿಲ್ಲ; ರೇಷ್ಮೆ ಹರಿದೀತು, ಇಲ್ಲವೇ ಕಾಲೇ ಮುರಿದೀತು. ಕ್ಯೋತೊ ನಗರದ ತೊಮೊತದ ಎಂಬ ಕೆತ್ತನೆಗಾರ ಕೆತ್ತಿದ ಹೆಸರಾಂತ ಎತ್ತುಗಳು ಕಾಲು ಮಡಚಿ ಮಲಗಿರುವುದರಲ್ಲಿ ಈ ಲೆಕ್ಕಾಚಾರವೂ ಇದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮರದ ಕಪ್ಪೆ. ಅದರ ಬೆನ್ನಿನ ಸಾಸಿವೆಗಿಂತ ಸಣ್ಣ ಗುಳ್ಳೆಗಳನ್ನು ಉಳಿಯಿಂದ ಬಿಡಿಸಿದ್ದಾರೆ ಎಂದುಕೊಂಡರೆ ಎಷ್ಟೋ ಸಲ ಅದು ತಪ್ಪು. ಗುಳ್ಳೆ ಬೇಕಾದ ಜಾಗವನ್ನು ಕೆತ್ತನೆಗಾರ ಮೊಂಡು ಮೊಳೆಯಂಥ ಸಾಧನದಿಂದ ಒತ್ತಿ ತಗ್ಗು ಮಾಡುತ್ತಾನೆ. ಬಳಿಕ ಸುತ್ತಲಿನ ಮರವನ್ನು ಆ ತಗ್ಗಿನ ಮಟ್ಟಕ್ಕೇ ಹೆರೆಯುತ್ತಾನೆ. ಈಗ ಮೇಲ್ಮೈ ನುಣುಪು, ಗುಳ್ಳೆಯ ಸುಳಿವೂ ಇಲ್ಲ. ಆದರೆ ನೀರು ಸೋಕಿಸಿದ್ದೇ ತಡ, ಒತ್ತಿದ ಜಾಗಗಳು ಉಬ್ಬಿ ಮೇಲೇಳುತ್ತವೆ! ಈ ತಂತ್ರಕ್ಕೆ ಉಕಿಬೊರಿ ಎಂದು ಹೆಸರು.

ಮರವೆಂದರೆ ಟೊಳ್ಳು ಕೋಶಗಳ ಕಟ್ಟು. ಒತ್ತಿದಾಗ ಕೋಶಗಳ ಗೋಡೆಗಳು ಮುರಿಯುವುದಿಲ್ಲ, ಮಡಚಿಕೊಳ್ಳುತ್ತವೆ. ಒಣಗಿರುವವರೆಗೆ ಆ ಮಡಿಕೆ ಹಾಗೆಯೇ ಬಿಗಿಯಾಗಿರುತ್ತದೆ. ನೀರು ಒಳಹೊಕ್ಕರೆ ಗೋಡೆಗಳು ಮೆದುವಾಗಿ, ಅದುಮಿಟ್ಟ ಬಿಗುಪು ಸಡಿಲಗೊಂಡು, ಕೋಶಗಳು ಬಹುಮಟ್ಟಿಗೆ ಹಳೆಯ ಆಕಾರಕ್ಕೆ ಮರಳುತ್ತವೆ.

ಆನೆಯ ದಂತದಲ್ಲಿ ಈ ಆಟ ನಡೆಯುವುದಿಲ್ಲ. ಅದು ಖನಿಜ ತುಂಬಿದ ಗಟ್ಟಿ ದಂತದ್ರವ್ಯ. ಗುಳ್ಳೆ ಬೇಕೆಂದರೆ ಕೆತ್ತಲೇಬೇಕು. ಆದರೆ ದಂತಕ್ಕೆ ತನ್ನದೇ ಗುರುತಿದೆ. ಅಡ್ಡಲಾಗಿ ಕತ್ತರಿಸಿದ ಮುಖದಲ್ಲಿ ಒಂದನ್ನೊಂದು ಹಾಯುವ ನವಿರಾದ ಗೆರೆಗಳು ಕಾಣುತ್ತವೆ. ಇವು ಶ್ರೇಗರ್ ಗೆರೆಗಳು. ಮೂಳೆಯಲ್ಲಿ ಇವಿಲ್ಲ, ಅಲ್ಲಿ ಕಾಣುವುದು ರಕ್ತನಾಳಗಳು ಹಾದುಹೋದ ಸಣ್ಣ ಚುಕ್ಕೆಗಳು. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1990ರಲ್ಲಿ ನಿಷೇಧ ಜಾರಿಯಾದ ಮೇಲೆ ಈ ಗೆರೆಗಳ ಬೆಲೆ ಏರಿತು. ಏಕೆಂದರೆ ಆನೆಯ ಬಂಧುವಾದ, ಅಳಿದುಹೋದ ಮ್ಯಾಮತ್‌ನ ದಂತವನ್ನೂ ಕೆತ್ತನೆಗೆ ಬಳಸುತ್ತಾರೆ; ಆ ನಿಷೇಧ ಅದಕ್ಕೆ ಅನ್ವಯಿಸದ್ದರಿಂದ ಯಾವುದು ಯಾವ ದಂತ ಎಂದು ಗುರುತಿಸಬೇಕಾಗುತ್ತದೆ. ದಂತದ ಹೊರಅಂಚಿನ ಬಳಿ ಗೆರೆಗಳು ಕೂಡುವ ಕೋನವನ್ನು ಹಲವು ಕಡೆ ಅಳೆಯುತ್ತಾರೆ: ಸರಾಸರಿ 90 ಡಿಗ್ರಿಗಿಂತ ಕಡಿಮೆಯಿದ್ದರೆ ಮ್ಯಾಮತ್, 115ಕ್ಕಿಂತ ಹೆಚ್ಚಿದ್ದರೆ ಆನೆ. ನಡುವೆ ಎಲ್ಲೋ ಬಂದರೆ ಕೋನವೊಂದನ್ನೇ ನಂಬಿ ತೀರ್ಪು ಕೊಡಲಾಗದು, ಬೇರೆ ಪರೀಕ್ಷೆಗಳು ಬೇಕಾಗುತ್ತವೆ.