ಜೋರ್ಡನ್ ಇದ್ದರೆ ಯಾರು ಬೇಕಾದರೂ ಗೆಲ್ಲಿಸುತ್ತಿದ್ದರಾ?

ನನ್ನ ಹತ್ತಿರ ಬಾಸ್ಕೆಟ್‌ಬಾಲ್ ಕಲಿಯೋಕೆ ಬರುವ ಹುಡುಗರು ಅಮೆರಿಕದ ಕೋಚ್ ಫಿಲ್ ಜ್ಯಾಕ್ಸನ್ ಹೆಸರು ಬಂದರೆ ಸಾಕು, ಜಗಳಕ್ಕೆ ನಿಲ್ಲುತ್ತಾರೆ. ಶಿಕಾಗೊ ಬುಲ್ಸ್‌ನಲ್ಲಿ ಮೈಕಲ್ ಜೋರ್ಡನ್, ಲೇಕರ್ಸ್‌ನಲ್ಲಿ ಶಕೀಲ್ ಒನೀಲ್, ಕೋಬಿ ಬ್ರಯಂಟ್. ಇಂಥವರು ಸಿಕ್ಕರೆ ಕೋಚ್ ಆಗಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 11 ಪ್ರಶಸ್ತಿ ಗೆಲ್ಲೋದು ಏನು ಮಹಾ ಅನ್ನೋದು ಅವರ ವಾದ.

ಆದರೆ ಜೋರ್ಡನ್ ಬುಲ್ಸ್ ಸೇರಿದ್ದು 1984ರಲ್ಲಿ. ಮೊದಲ ಐದು ಸೀಸನ್ ಬೇರೆ ಕೋಚ್‌ಗಳ ಕೆಳಗೆ ಆಡಿದರು. ಪಾಯಿಂಟ್ಸ್ ಸುರಿಮಳೆ ಸುರಿಸಿದರೂ ಒಂದು ಫೈನಲ್ ಕೂಡ ಕಾಣಲಿಲ್ಲ. ಹಾಗಂತ ಆ ಕೋಚ್‌ಗಳನ್ನು ಸುಮ್ನೆ ಬೈಯಬಾರದು. ತಂಡದ ಇನ್ನೊಬ್ಬ ಸ್ಟಾರ್ ಸ್ಕಾಟಿ ಪಿಪ್ಪೆನ್ ಬಂದಿದ್ದೇ 1987ರಲ್ಲಿ, ಪಳಗೋಕೆ ಸಮಯ ಬೇಕಿತ್ತು.

1989ರಲ್ಲಿ ಮುಖ್ಯ ಕೋಚ್ ಆದ ಜ್ಯಾಕ್ಸನ್, ತಮ್ಮ ಸಹಾಯಕ ಟೆಕ್ಸ್ ವಿಂಟರ್ ಅವರ ಟ್ರಯಾಂಗಲ್ ಅಫೆನ್ಸ್ ಅನ್ನೋ ದಾಳಿ ತಂತ್ರ ತಂದರು. ಅಂಕಣದ ಒಂದು ಬದಿಯಲ್ಲಿ ಮೂವರು ತ್ರಿಕೋನವಾಗಿ ನಿಲ್ಲುತ್ತಾರೆ. ಮುಂದಿನ ಪಾಸ್ ಎಲ್ಲಿಗೆ ಅನ್ನೋದನ್ನು ಕೋಚ್ ಕೂಗಿ ಹೇಳಲ್ಲ, ಎದುರಾಳಿ ನಿಂತಿರುವ ರೀತಿ ನೋಡಿ ಆಟಗಾರನೇ ನಿರ್ಧರಿಸಬೇಕು. ಇದರಲ್ಲಿ ಸ್ಟಾರ್ ಚೆಂಡು ಬಿಟ್ಟುಕೊಡಲೇಬೇಕು. ನಮ್ಮ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದೇ. ಬೋರ್ಡ್ ಮೇಲೆ ಗೆರೆ ಎಳೆಯೋದು ಯಾರಿಗಾದರೂ ಬರುತ್ತೆ. ಚೆನ್ನಾಗಿ ಆಡುತ್ತಿರುವವನ ಕೈಯಿಂದ ಚೆಂಡು ಬಿಡಿಸೋದು ಹಾಗಲ್ಲ.

ಜ್ಯಾಕ್ಸನ್ ಅವರ ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ 33.6 ಪಾಯಿಂಟ್ಸ್ ಇದ್ದ ಜೋರ್ಡನ್ ಸರಾಸರಿ ಮರುವರ್ಷ 31.5ಕ್ಕೆ ಇಳಿಯಿತು. ಆ ವರ್ಷವೇ, ಅಂದರೆ 1991ರಲ್ಲಿ, ಬುಲ್ಸ್‌ಗೆ ಮೊದಲ ಪ್ರಶಸ್ತಿ. ಫೈನಲ್‌ನ ಕೊನೆಯ ಪಂದ್ಯದ ಕೊನೇ ನಿಮಿಷಗಳಲ್ಲಿ ಜೋರ್ಡನ್ ಮತ್ತೆ ಮತ್ತೆ ಸಹ ಆಟಗಾರ ಜಾನ್ ಪ್ಯಾಕ್ಸನ್‌ಗೆ ಪಾಸ್ ಕೊಟ್ಟರು, ಪ್ಯಾಕ್ಸನ್ ಹೊಡೆಯುತ್ತಾ ಹೋದರು.

ಇನ್ನೂ ಗಟ್ಟಿ ಸಾಕ್ಷಿ 1993-94. ಜೋರ್ಡನ್ ನಿವೃತ್ತರಾಗಿದ್ದರು. ಹಿಂದಿನ ಸೀಸನ್‌ನಲ್ಲಿ 57 ಪಂದ್ಯ ಗೆದ್ದಿದ್ದ ತಂಡ, ಅವರಿಲ್ಲದೆ 55 ಗೆದ್ದಿತು! ಲೀಗ್ ಹಂತದ ನಂತರದ ನಾಕೌಟ್ ಸರಣಿಗಳಲ್ಲಿ, ಅಂದರೆ ಪ್ಲೇಆಫ್‌ನಲ್ಲಿ, ನ್ಯೂಯಾರ್ಕ್ ನಿಕ್ಸ್ ವಿರುದ್ಧ ಮೂರನೇ ಪಂದ್ಯದಲ್ಲಿ 1.8 ಸೆಕೆಂಡ್ ಬಾಕಿ ಇದ್ದಾಗ, ಕೊನೇ ಶಾಟ್ ಪಿಪ್ಪೆನ್‌ಗಲ್ಲ, ಟೋನಿ ಕುಕೋಚ್‌ಗೆ ಅಂತ ಜ್ಯಾಕ್ಸನ್ ಹೇಳಿದರು. ಪಿಪ್ಪೆನ್ ಸಿಟ್ಟಾಗಿ ಬೆಂಚಿನಿಂದ ಏಳಲೇ ಇಲ್ಲ. ಕುಕೋಚ್ ಹೊಡೆದರು, ತಂಡ ಗೆದ್ದಿತು. ಇಂಥ ಜಗಳದಲ್ಲಿ ಎಷ್ಟೋ ತಂಡಗಳು ಅಲ್ಲೇ ಒಡೆದು ಹೋಗುತ್ತವೆ. ಇವರು ಮುಂದಿನ ಪಂದ್ಯವನ್ನೂ ಗೆದ್ದು, ಸರಣಿಯನ್ನು ಏಳನೇ ಪಂದ್ಯದವರೆಗೆ ಎಳೆದು ಸೋತರು.

ಸ್ಟಾರ್ ಒಪ್ಪದಿದ್ದರೆ ಕೋಚ್ ಕಥೆ ಏನಾಗುತ್ತೆ ಅಂತ ಪಾಲ್ ವೆಸ್ಟ್‌ಹೆಡ್ ಅವರನ್ನು ನೋಡಿ. 1980ರಲ್ಲಿ ಲೇಕರ್ಸ್‌ಗೆ ಪ್ರಶಸ್ತಿ ತಂದವರು. 1981ರ ನವೆಂಬರ್‌ನಲ್ಲಿ ತಂಡದ ಸ್ಟಾರ್ ಮ್ಯಾಜಿಕ್ ಜಾನ್ಸನ್ ನನ್ನನ್ನು ಬೇರೆ ತಂಡಕ್ಕೆ ಕಳಿಸಿ ಅಂದರು. ಮರುದಿನವೇ ವೆಸ್ಟ್‌ಹೆಡ್ ಕೆಲಸ ಹೋಯಿತು.

ಜ್ಯಾಕ್ಸನ್ ಹೆಸರಿಗೆ ಮಸಿಯೂ ಇದೆ. 2014ರಲ್ಲಿ ನಿಕ್ಸ್ ಅಧ್ಯಕ್ಷರಾದರು. ಮೊದಲ ಪೂರ್ಣ ಸೀಸನ್‌ನಲ್ಲೇ ತಂಡ ಗೆದ್ದಿದ್ದು 17, ಸೋತಿದ್ದು 65. ಆಟಗಾರರನ್ನು ಆರಿಸೋದು ಬೇರೆ ಕಸುಬು, ಅದು ಅವರಿಗೆ ಒಗ್ಗಲಿಲ್ಲ.

ಕೋಚ್ ಆಗಿ ಅವರ ಹೆಸರು ನ್ಯಾಯವಾಗಿ ಬಂದದ್ದೇ ಅಂತ ನನ್ನ ಅಭಿಪ್ರಾಯ. ಅನ್ಯಾಯ ಆಗಿದ್ದರೆ ಅದು ವಿಂಟರ್‌ಗೆ. ಜ್ಯಾಕ್ಸನ್ 2007ರಲ್ಲೇ ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿ ಹಾಲ್ ಆಫ್ ಫೇಮ್ ಸೇರಿದರು. ವಿಂಟರ್ ಸೇರಿದ್ದು 2011ರಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ.