ಪದ ಪರಿಚಯ: ಕ್ಯಾರಮೆಲ್

ಪ್ಲಮ್ ಕೇಕಿಗೆ ಬೇಕರಿಯವರು ಹಾಕುವ ಕರಿ ಪಾಕವೂ ಕ್ಯಾರಮೆಲ್, ಪುಡ್ಡಿಂಗಿನ ಮೇಲೆ ಹರಿಯುವ ಕೆಂಪು ರಸವೂ ಕ್ಯಾರಮೆಲ್, ಕಾಗದದಲ್ಲಿ ಸುತ್ತಿಟ್ಟ ಜಗಿಯುವ ಮಿಠಾಯಿಯೂ ಕ್ಯಾರಮೆಲ್. ಮೊದಲೆರಡು ಸುಟ್ಟ ಸಕ್ಕರೆ, ಅಷ್ಟೇ. ಮೂರನೆಯದಕ್ಕೆ ಕ್ರೀಮು, ಬೆಣ್ಣೆ ಸೇರುತ್ತವೆ. ಸ್ಕಾಟ್ಲೆಂಡಿನಲ್ಲಿ ‘ಮಿಲಿಯನೇರ್ಸ್ ಶಾರ್ಟ್‌ಬ್ರೆಡ್’, ಆಸ್ಟ್ರೇಲಿಯಾದಲ್ಲಿ ‘ಕ್ಯಾರಮೆಲ್ ಸ್ಲೈಸ್’ ಎನ್ನುವ ಬಾರ್ ಕುಕಿಗೆ ಕೆಳಗೆ ಬೆಣ್ಣೆ ಬಿಸ್ಕತ್ತು, ಮೇಲೆ ಚಾಕೊಲೇಟು. ನಡುವಿನ ಪದರ ಈ ಮೂರನೆಯ ಬಗೆಯದು. ಅಲ್ಲಿ ಬಹಳ ಮಂದಿ ಅದನ್ನು ಕಂಡೆನ್ಸ್ಡ್ ಮಿಲ್ಕ್‌ನಿಂದಲೇ ಮಾಡುತ್ತಾರೆ. ಸುಲಭವೂ ಹೌದು, ರುಚಿಯೂ ಹೌದು. ಆದರೆ ಅದರ ಕಂದು ಬಣ್ಣ ಮುಖ್ಯವಾಗಿ ಹಾಲಿನ ಪ್ರೋಟೀನು ಮತ್ತು ಸಕ್ಕರೆ ಕೂಡಿ ಬರುವಂಥದ್ದು. ಧಾರವಾಡ ಪೇಡೆಯ ಬಣ್ಣಕ್ಕೆ ಹತ್ತಿರದ ನೆಂಟ.

ಸಕ್ಕರೆ ಸುಟ್ಟು ಮಾಡುವ ಕ್ಯಾರಮೆಲ್‌ನಲ್ಲಿ ಎರಡು ಹದಗಳಿವೆ, ಒಂದು ಬಣ್ಣದ್ದು, ಇನ್ನೊಂದು ಗಟ್ಟಿತನದ್ದು. ಇವೆರಡನ್ನು ಒಂದೇ ಎಂದುಕೊಂಡಲ್ಲೇ ಹೆಚ್ಚಿನವರು ಎಡವುವುದು. ಬಣ್ಣ ಬರುವುದು ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕ್ರೀಮು ಬೀಳುವ ಮೊದಲೇ. ಗಟ್ಟಿತನ ತೀರ್ಮಾನವಾಗುವುದು ಕ್ರೀಮು ಬಿದ್ದ ಮೇಲೆ, 117ರ ಆಸುಪಾಸಿನಲ್ಲಿ. ಬಣ್ಣ ಚೆನ್ನಾಗಿದೆಯೆಂದು ಒಲೆಯಿಂದ ಇಳಿಸಿದರೆ ಪದರ ಕತ್ತರಿಸಿದಾಗ ತಟ್ಟೆಗೆ ಹರಿಯುತ್ತದೆ.

ಆ ಬಾರ್ ಕುಕಿಯ ನಡುವಿನ ಪದರಕ್ಕೆ, 20 ಸೆಂ.ಮೀ. ಚೌಕದ ಟ್ರೇಗೆ 200 ಗ್ರಾಂ ಸಕ್ಕರೆ, 60 ಮಿ.ಲೀ. ನೀರು, 60 ಗ್ರಾಂ ಲಿಕ್ವಿಡ್ ಗ್ಲೂಕೋಸ್, 200 ಮಿ.ಲೀ. ಕ್ರೀಮು, 80 ಗ್ರಾಂ ಬೆಣ್ಣೆ, ಅರ್ಧ ಚಮಚ ಉಪ್ಪು ಸಾಕು. ಪಾತ್ರೆ ದಪ್ಪ ತಳದ್ದು, ಮೂರು ಲೀಟರಿನದಾದರೂ ಇರಲಿ. ಕ್ರೀಮು ಬಿದ್ದೊಡನೆ ಉಕ್ಕುತ್ತದೆ. ಸಕ್ಕರೆ, ನೀರು, ಗ್ಲೂಕೋಸ್ ಕರಗಿ ಕುದಿ ಬಂದ ಮೇಲೆ ಸೌಟು ಹಾಕಬೇಡಿ. ಪಾತ್ರೆಯ ಅಂಚಿಗೆ ಅಂಟಿದ ಹರಳನ್ನು ಒದ್ದೆ ಬ್ರಷ್ಷಿನಿಂದ ಇಳಿಸಿ. ಒಂದು ಹರಳು ಒಳಗೆ ಬಿದ್ದರೂ ಪಾಕವೆಲ್ಲ ಮರಳು ಮರಳಾಗಬಹುದು. ಗ್ಲೂಕೋಸ್ ಹಾಕುವುದೇ ಇದನ್ನು ತಡೆಯಲು. ಜೇನಿನ ಬಣ್ಣ ದಾಟಿ ತಾಮ್ರದ ಬಣ್ಣಕ್ಕೆ ಬಂದಾಗ ಉರಿ ಆರಿಸಿ, ಬಿಸಿ ಮಾಡಿಟ್ಟ ಕ್ರೀಮನ್ನು ಮೂರು ಸಲವಾಗಿ ಸುರಿಯಿರಿ. ಆವಿ ಜೋರಾಗಿ ಏಳುತ್ತದೆ, ಕೈ ದೂರ ಇರಲಿ. ಆಮೇಲೆ ಬೆಣ್ಣೆ, ಉಪ್ಪು ಹಾಕಿ ಮತ್ತೆ ಮಧ್ಯಮ ಉರಿಗಿಡಿ. ಈಗ ತಳ ಬಿಡದೆ ಕೆದಕುತ್ತಿರಬೇಕು, ಹಾಲಿನಂಶ ಬೇಗ ಸೀಯುತ್ತದೆ.

ಈ ಎರಡನೆಯ ಕುದಿತದಲ್ಲಿ ಥರ್ಮಾಮೀಟರ್ ಅಳೆಯುವುದು ನಿಜಕ್ಕೂ ಎಷ್ಟು ನೀರು ಉಳಿದಿದೆ ಎಂಬುದನ್ನು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನೀರು ಅಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಮಂಗಳೂರಿನ 117 ಬೆಂಗಳೂರಿನಲ್ಲಿ 114. ಬಣ್ಣದ 170ಕ್ಕೆ ಮಾತ್ರ ಈ ಕಳೆಯುವಿಕೆ ಇಲ್ಲ, ಸಕ್ಕರೆ ಸುಡುವುದಕ್ಕೂ ಊರಿನ ಎತ್ತರಕ್ಕೂ ಸಂಬಂಧವಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೆ ಕಜ್ಜಾಯದ ಪಾಕ ನೋಡುವ ಕ್ರಮವೇ ಇದಕ್ಕೂ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿ. ಹೊರಗೆ ತೆಗೆದರೆ ಉಂಡೆಯಾಗಿ ನಿಲ್ಲಬೇಕು, ಒತ್ತಿದರೆ ಚಪ್ಪಟೆಯಾಗಬೇಕು. ತಟ್ಟೆಗೆ ಬಡಿದಾಗ ಟಣ್ ಎಂದರೆ ಅದು ಚಿಕ್ಕಿ ಪಾಕ, ಹಲ್ಲಿಗೆ ಕೆಲಸ.

ಹಾಗೆ ಗಟ್ಟಿಯಾದರೂ ಗಾಬರಿ ಬೇಡ. ಹೋಗಿರುವುದು ನೀರು ಮಾತ್ರ. ಎರಡು ಚಮಚ ಬಿಸಿನೀರು ಸೇರಿಸಿ, ಕರಗಿಸಿ, ಮತ್ತೆ ಹದಕ್ಕೆ ತನ್ನಿ. ಬೆಣ್ಣೆ ಬಿಟ್ಟುಕೊಂಡು ಜಿಡ್ಡು ಮೇಲೆ ತೇಲಿದರೂ ಇದೇ ಮದ್ದು, ಸಣ್ಣ ಉರಿಯಲ್ಲಿ ಚೆನ್ನಾಗಿ ಕಲಕಬೇಕು. ಸಕ್ಕರೆ ಸೀದು ಕಹಿಯಾದರೆ ಮಾತ್ರ ಉಪಾಯವಿಲ್ಲ, ಚೆಲ್ಲಿ ಹೊಸದಾಗಿ ಶುರುಮಾಡಿ.

ಬಿಸ್ಕತ್ತಿನ ತಳಕ್ಕೆ ಸಕ್ಕರೆ, ಬೆಣ್ಣೆ, ಮೈದಾ 60, 120, 180 ಗ್ರಾಂ. ಬೇಯಿಸಿದ ತಳದ ಮೇಲೆ ಸುರಿದ ಕ್ಯಾರಮೆಲ್ ಪೂರ್ತಿ ಆರಿದ ಮೇಲೆ 150 ಗ್ರಾಂ ಚಾಕೊಲೇಟನ್ನು ಒಂದು ಚಮಚ ಎಣ್ಣೆಯೊಂದಿಗೆ ಕರಗಿಸಿ ಸುರಿಯಿರಿ. ಎಣ್ಣೆ ಇಲ್ಲದಿದ್ದರೆ ಕತ್ತರಿಸುವಾಗ ಅದು ಸಿಡಿದು ಚೂರಾಗುತ್ತದೆ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು, ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಪ್ರತಿ ಸಲವೂ ಒರೆಸಿ ಕತ್ತರಿಸಿ.